ಅರಮನೆ ಕೆಡವಿ ಮೈದಾನ, ಮೈದಾನದ ಮೇಲೆ ಮತ್ತೆ ಅರಮನೆ: ಬರ್ಲಿನ್‌ನ ನಡುಮಧ್ಯೆ ನಡೆದದ್ದೇನು?

ಓದು, ಕೆಲಸ ಅಂತ ಬರ್ಲಿನ್‌ಗೆ ಹೋಗುವ ಕನ್ನಡಿಗರು ಈಗ ಜಾಸ್ತಿ. ಅಲ್ಲಿಂದ ಬರುವ ಫೋಟೋಗಳಲ್ಲಿ ಒಂದು ದೊಡ್ಡ ಅರಮನೆ ಆಗಾಗ ಕಾಣುತ್ತದೆ. ಮೇಲೆ ಗುಮ್ಮಟ, ಗುಮ್ಮಟದ ತುದಿಯಲ್ಲಿ ಚಿನ್ನದ ಬಣ್ಣದ ಶಿಲುಬೆ, ಗೋಡೆ ತುಂಬ ಕೆತ್ತನೆ. ನೋಡಿದವರು ಮುನ್ನೂರು ವರ್ಷ ಹಳೆಯದು ಅಂದುಕೊಳ್ಳುತ್ತಾರೆ. ಆದರೆ ಅದರ ಉದ್ಘಾಟನೆ ಆದದ್ದು 2020ರ ಡಿಸೆಂಬರ್‌ನಲ್ಲಿ. ಕೆತ್ತನೆಯ ಹಿಂದೆ ಇರುವುದು ಹೊಸ ಕಾಂಕ್ರೀಟ್.

ಅದಕ್ಕೂ ಮೊದಲು ಆ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಹುಲ್ಲಿಗೂ ಮೊದಲು ಕಂದು ಗಾಜಿನ ಒಂದು ಬೃಹತ್ ಕಟ್ಟಡ ಇತ್ತು. ನಾಟಕ, ಸಂಗೀತ, ಮದುವೆ ಊಟ, ಸಂಸತ್ತು, ಎಲ್ಲ ಒಂದೇ ಸೂರಿನಡಿ ನಡೆಯುತ್ತಿದ್ದ ಕಟ್ಟಡ ಅದು. ಅದರ ಹೆಸರು ಪಲಾಸ್ಟ್ ಡೆರ್ ರೆಪುಬ್ಲಿಕ್, ಅಂದರೆ ಗಣರಾಜ್ಯದ ಅರಮನೆ. 1976ರ ಏಪ್ರಿಲ್ 23ರಂದು ತೆರೆದ ಆ ಕಟ್ಟಡಕ್ಕೆ 2026ರಲ್ಲಿ 50 ವರ್ಷದ ಲೆಕ್ಕ. ಇದ್ದಿದ್ದರೆ.

ನಮ್ಮಲ್ಲೂ ಮೈಸೂರಿನ ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡದ ವಿಷಯ ಬಂದಾಗಲೆಲ್ಲ ಒಂದೇ ವಾದ ಏಳುತ್ತದೆ. ದುರಸ್ತಿ ಮಾಡಬೇಕಾ, ಇಲ್ಲ ಕೆಡವಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟಬೇಕಾ? ಬರ್ಲಿನ್ ಈ ಪ್ರಶ್ನೆಯನ್ನು ಒಂದೇ ಜಾಗದಲ್ಲಿ ಎರಡು ಸಲ ಎದುರಿಸಿದೆ. ಎರಡು ಸಲವೂ ಕೆಡವಿದೆ. ಎರಡು ಸಲವೂ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿದೆ. ಹಾಗಾಗಿ ಈ ಕಥೆಯನ್ನು ಬುಡದಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಇಲ್ಲಿ ಎರಡು ಅರಮನೆಗಳು ಬರುತ್ತವೆ. ಗೊಂದಲ ಬೇಡ ಅಂತ, ರಾಜರದ್ದನ್ನು "ಅರಮನೆ" ಎಂದೂ 1976ರದ್ದನ್ನು "ಪಲಾಸ್ಟ್" ಎಂದೂ ಕರೆಯುತ್ತೇನೆ.

ಜಾಗ ಎಲ್ಲಿದೆ, ಯಾರದ್ದಾಗಿತ್ತು?

ಬರ್ಲಿನ್ ನಗರದ ನಡುವೆ ಸ್ಪ್ರೇ ಎಂಬ ನದಿ ಹರಿಯುತ್ತದೆ. ನದಿ ಕವಲಾಗಿ ಮಧ್ಯೆ ಒಂದು ದ್ವೀಪ ಆಗಿದೆ. ದ್ವೀಪದ ಉತ್ತರ ತುದಿಯಲ್ಲಿ ಹೆಸರಾಂತ ಮ್ಯೂಸಿಯಂಗಳು. ಪಕ್ಕದಲ್ಲಿ ಬರ್ಲಿನ್ ಕೆಥೆಡ್ರಲ್. ಅದರ ಎದುರಿಗೇ ನಮ್ಮ ಜಾಗ.

1443ರಲ್ಲಿ ಇಲ್ಲಿ ಹೊಹೆನ್‌ಝೊಲರ್ನ್ ಮನೆತನದ ಕೋಟೆಯ ಕೆಲಸ ಶುರುವಾಯಿತು. ಆಂಡ್ರಿಯಾಸ್ ಶ್ಲೂಟರ್ ಎಂಬ ಶಿಲ್ಪಿ 1700ರ ಆಸುಪಾಸಿನಲ್ಲಿ ಅದಕ್ಕೆ ಬರೋಕ್ ರೂಪ ಕೊಟ್ಟ. ಬರೋಕ್ ಅಂದರೆ ಕಂಬ, ಪ್ರತಿಮೆ, ಬಾಗಿದ ಅಲಂಕಾರಗಳಿಂದ ತುಂಬಿದ ಆ ಕಾಲದ ಯುರೋಪಿನ ಆಡಂಬರದ ಶೈಲಿ. ಗುಮ್ಮಟ ಬಂದದ್ದು ಇನ್ನೂ ತಡವಾಗಿ, 19ನೇ ಶತಮಾನದ ನಡುವಿನಲ್ಲಿ. 1918ರ ನವೆಂಬರ್‌ನಲ್ಲಿ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್ ಪಟ್ಟ ಕಳೆದುಕೊಂಡ. ಆಮೇಲೆ ಅರಮನೆಯೊಳಗೆ ಮ್ಯೂಸಿಯಂ ನಡೆಯಿತು.

ಎರಡನೇ ಮಹಾಯುದ್ಧದಲ್ಲಿ, 1945ರ ಫೆಬ್ರವರಿ 3ರ ವಿಮಾನ ದಾಳಿಗೆ ಅರಮನೆ ಹೊತ್ತಿ ಉರಿಯಿತು. ಯುದ್ಧ ಮುಗಿದ ಮೇಲೆ ಜರ್ಮನಿ ಎರಡಾಯಿತು. ಪಶ್ಚಿಮ ಜರ್ಮನಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಕಡೆಗೆ. ಪೂರ್ವ ಜರ್ಮನಿ ಸೋವಿಯತ್ ಒಕ್ಕೂಟದ ಕಡೆಗೆ. ಬರ್ಲಿನ್ ನಗರವೂ ಹಾಗೇ ಇಬ್ಭಾಗವಾಯಿತು. ಅರಮನೆ ಇದ್ದ ದ್ವೀಪ ಪೂರ್ವದ ಪಾಲಿಗೆ ಬಂತು.

ಮೊದಲ ಸಲ ಕೆಡವಿದ್ದು: 1950

ಸುಟ್ಟರೂ ಅರಮನೆಯ ಗೋಡೆಗಳು ಬಹುಪಾಲು ನಿಂತಿದ್ದವು. ಕೆಲವು ಭಾಗಗಳಲ್ಲಿ 1946ರಲ್ಲಿ ಪ್ರದರ್ಶನವೂ ನಡೆದಿತ್ತು. ಅಂದರೆ ಅದನ್ನು ರಿಪೇರಿ ಮಾಡಬಹುದಿತ್ತು. ಆದರೆ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ನಾಯಕ ವಾಲ್ಟರ್ ಉಲ್‌ಬ್ರಿಕ್ಟ್‌ಗೆ ಅದು ರಾಜರ, ಯುದ್ಧಕೋರರ ಗುರುತಾಗಿ ಕಂಡಿತು. ಮೆರವಣಿಗೆಗೆ ದೊಡ್ಡ ಮೈದಾನವೂ ಬೇಕಿತ್ತು. 1950ರ ಸೆಪ್ಟೆಂಬರ್‌ನಲ್ಲಿ ಸ್ಫೋಟಗಳು ಶುರುವಾದವು. ಆ ವರ್ಷ ಮುಗಿಯುವಷ್ಟರಲ್ಲಿ ಅರಮನೆ ನೆಲಸಮ.

ಒಂದು ಬಾಗಿಲನ್ನು ಮಾತ್ರ ಉಳಿಸಿಕೊಂಡರು. 1918ರ ನವೆಂಬರ್ 9ರಂದು ಎಡಪಂಥೀಯ ನಾಯಕ ಕಾರ್ಲ್ ಲೀಬ್‌ಕ್ನೆಕ್ಟ್ ಇಲ್ಲಿಂದಲೇ ಸಮಾಜವಾದಿ ಗಣರಾಜ್ಯ ಘೋಷಿಸಿದ ಎಂದು ಅದಕ್ಕೆ ಗೌರವ. ಅದರ ಭಾಗಗಳನ್ನು 1960ರ ದಶಕದಲ್ಲಿ ಪಕ್ಕದಲ್ಲೇ ಕಟ್ಟಿದ ಸರ್ಕಾರಿ ಕಟ್ಟಡದ ಮುಂಭಾಗಕ್ಕೆ ಕೂರಿಸಿದರು. ಇವತ್ತಿಗೂ ಅಲ್ಲೇ ಇದೆ. ನನಗೆ ಈ ಸಂಗತಿ ಬಹಳ ಮುಖ್ಯ ಅನಿಸುತ್ತದೆ. ಏನನ್ನು ಉಳಿಸಬೇಕು ಅನ್ನುವುದನ್ನು ಇಲ್ಲಿ ಕಲ್ಲಿನ ಗಟ್ಟಿತನ ನಿರ್ಧರಿಸಲಿಲ್ಲ. ಅಧಿಕಾರದಲ್ಲಿ ಇದ್ದವರು ಯಾವ ನೆನಪನ್ನು ತಮ್ಮದು ಅಂದುಕೊಂಡರೋ ಅದು ಉಳಿಯಿತು.

ಕೆಡವುವ ಕೆಲಸ ನಾಲ್ಕೇ ತಿಂಗಳಲ್ಲಿ ಮುಗಿಯಿತು. ಹೊಸ ಕಟ್ಟಡದ ಕೆಲಸ ಆರಂಭವಾದದ್ದು 1973ರಲ್ಲಿ. ನಡುವೆ 23 ವರ್ಷ ಅಲ್ಲಿ ಇದ್ದದ್ದು ಮಾರ್ಕ್ಸ್-ಎಂಗೆಲ್ಸ್ ಹೆಸರಿನ ಬಯಲು. ಮೇ ದಿನಕ್ಕೆ ಮೆರವಣಿಗೆ, ಉಳಿದ ದಿನ ಹೆಚ್ಚಾಗಿ ಕಾರ್ ಪಾರ್ಕಿಂಗ್.

ಪಲಾಸ್ಟ್ ಒಳಗೆ ಏನೆಲ್ಲ ಇತ್ತು?

ಹೈನ್ಸ್ ಗ್ರಾಫುಂಡರ್ ಮತ್ತು ಅವರ ತಂಡ ವಿನ್ಯಾಸ ಮಾಡಿದ ಪಲಾಸ್ಟ್ ಮೂರು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಎದ್ದು ನಿಂತಿತು. ಉದ್ದ ಸುಮಾರು 180 ಮೀಟರ್. ಹೊರಗೆ ಬಿಳಿ ಅಮೃತಶಿಲೆ ಮತ್ತು ಕನ್ನಡಿಯಂತೆ ಹೊಳೆಯುವ ಕಂದು ಗಾಜು. ಎದುರಿನ ಕೆಥೆಡ್ರಲ್ ಆ ಗಾಜಿನಲ್ಲಿ ಪ್ರತಿಬಿಂಬಿಸುತ್ತಿತ್ತು.

ಒಂದು ಕಡೆ ಪೂರ್ವ ಜರ್ಮನಿಯ ಸಂಸತ್ತು ಸೇರುವ ಸಭಾಂಗಣ. ಇನ್ನೊಂದು ಕಡೆ 5,000 ಜನ ಕೂರಬಹುದಾದ ದೊಡ್ಡ ಹಾಲ್. ಆ ಹಾಲ್ ಆರು ಮೂಲೆಯದು. ಅದರ ಸೀಟುಗಳ ಭಾಗಗಳನ್ನು, ಚಾವಣಿಯನ್ನು ಯಂತ್ರಗಳಿಂದ ಮೇಲೆ ಕೆಳಗೆ ಮಾಡಬಹುದಿತ್ತು. ಪಕ್ಷದ ಮಹಾಸಭೆಗೆ ಒಂದು ರೂಪ, ಸಂಗೀತ ಕಛೇರಿಗೆ ಇನ್ನೊಂದು ರೂಪ. ಇವೆರಡರ ನಡುವೆ ದೊಡ್ಡ ಪಡಸಾಲೆ, ಅದರ ಮಧ್ಯೆ ಗಾಜು ಮತ್ತು ಉಕ್ಕಿನ ಒಂದು ದೊಡ್ಡ ಹೂವು, ಚಾವಣಿ ತುಂಬ ಸಾವಿರಾರು ದೀಪ. ದೇಶದ ಮುಖ್ಯಸ್ಥ ಎರಿಕ್ ಹೊನೆಕರ್. ಜನ ಈ ಕಟ್ಟಡಕ್ಕೆ "ಎರಿಕ್‌ನ ದೀಪದ ಅಂಗಡಿ" ಎಂದು ಅಡ್ಡಹೆಸರು ಇಟ್ಟರು.

ಜೊತೆಗೆ ರೆಸ್ಟೋರೆಂಟುಗಳು, ಕಾಫಿ ಕೋಣೆ, ಬೌಲಿಂಗ್, ಡಿಸ್ಕೋ, ಚಿಕ್ಕ ರಂಗಮಂದಿರ, ಚಿತ್ರಶಾಲೆ, ಅಂಚೆ ಕಚೇರಿ. ಇಷ್ಟೂ ಸಾಮಾನ್ಯ ಜನರಿಗೆ ತೆರೆದಿತ್ತು. ಪೂರ್ವ ಬರ್ಲಿನ್‌ನ ಎಷ್ಟೋ ಮನೆಗಳವರು ಹುಟ್ಟುಹಬ್ಬ, ಮದುವೆ ಔತಣವನ್ನು ಇಲ್ಲೇ ಮಾಡಿದರು. ಪಶ್ಚಿಮ ಜರ್ಮನಿಯ ರಾಕ್ ಗಾಯಕ ಉಡೊ ಲಿಂಡೆನ್‌ಬರ್ಗ್ 1983ರ ಅಕ್ಟೋಬರ್‌ನಲ್ಲಿ ಇಲ್ಲಿ ಹಾಡಿದ. ನಗರವನ್ನು ಇಬ್ಭಾಗ ಮಾಡಿದ್ದ ಬರ್ಲಿನ್ ಗೋಡೆಯ ಆಚೆಯವನೊಬ್ಬ ಈಚೆ ಬಂದು ಹಾಡುವುದು ಆಗ ಸಣ್ಣ ವಿಷಯ ಆಗಿರಲಿಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು. ಇದು ಸರ್ವಾಧಿಕಾರದ ಪ್ರದರ್ಶನ ಮಂದಿರವೂ ಹೌದು. ಇಲ್ಲಿನ ಸಂಸತ್ತಿಗೆ ಕೊನೆಯ ಕೆಲವು ತಿಂಗಳು ಬಿಟ್ಟರೆ ನಿಜವಾದ ಚುನಾವಣೆಯೇ ಇರಲಿಲ್ಲ. 1989ರ ಅಕ್ಟೋಬರ್ 7ರಂದು ಒಳಗೆ ಸೋವಿಯತ್ ನಾಯಕ ಗೋರ್ಬಚೆವ್ ಜೊತೆ ದೇಶದ 40ನೇ ವರ್ಷದ ಸಂಭ್ರಮ ನಡೆಯುತ್ತಿತ್ತು. ಹೊರಗೆ ಜನ ಪ್ರತಿಭಟನೆ ಮಾಡುತ್ತಿದ್ದರು. ಒಂದು ತಿಂಗಳಲ್ಲಿ ಬರ್ಲಿನ್ ಗೋಡೆ ಬಿತ್ತು. 1990ರ ಮಾರ್ಚ್‌ನಲ್ಲಿ ಮೊದಲ ಮುಕ್ತ ಚುನಾವಣೆ ಆಯಿತು. ಹೀಗೆ ಆರಿಸಿ ಬಂದ ಸಂಸತ್ತು ಅದೇ ವರ್ಷದ ಆಗಸ್ಟ್ 23ರಂದು, ಇದೇ ಕಟ್ಟಡದಲ್ಲಿ, ಪಶ್ಚಿಮದ ಜೊತೆ ಸೇರಲು ಮತ ಹಾಕಿತು. ಮುಕ್ತ ಸಂಸತ್ತು ಕೂತದ್ದೂ ಇಲ್ಲೇ, ದೇಶ ತನ್ನನ್ನೇ ಮುಗಿಸಿಕೊಂಡದ್ದೂ ಇಲ್ಲೇ. ಪಲಾಸ್ಟ್ ಅಂದರೆ ಸುಮ್ನೆ ಕಮ್ಯುನಿಸ್ಟರ ಕಟ್ಟಡ ಅಂದುಬಿಡಲು ಆಗದಿರುವುದು ಇದಕ್ಕೇ.

ಆ ಮತದಾನ ಆಗಿ ಒಂದು ತಿಂಗಳೂ ಆಗಿರಲಿಲ್ಲ. 1990ರ ಸೆಪ್ಟೆಂಬರ್ 19ರಂದು ಬಾಗಿಲು ಮುಚ್ಚಿತು. ಕೊಟ್ಟ ಕಾರಣ ಕಲ್ನಾರು.

ಕಲ್ನಾರು ಅಂದರೆ ಏನು? ಅಷ್ಟೊಂದು ಭಯ ಯಾಕೆ?

ನಮ್ಮ ಊರುಗಳಲ್ಲಿ ಮನೆಗೆ, ಕೊಟ್ಟಿಗೆಗೆ ಹಾಕುವ ಬೂದು ಬಣ್ಣದ ಶೀಟು ಎಲ್ಲರಿಗೂ ಗೊತ್ತು. ಆಸ್ಬೆಸ್ಟಾಸ್ ಶೀಟು ಅಂತ ಕರೆಯುತ್ತೇವೆ. ಆಸ್ಬೆಸ್ಟಾಸ್ ಅಥವಾ ಕಲ್ನಾರು ನೆಲದಲ್ಲಿ ಸಿಗುವ ಒಂದು ಬಗೆಯ ಖನಿಜ. ಕಲ್ಲಾದರೂ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಬೆಂಕಿಗೆ ಉರಿಯುವುದಿಲ್ಲ. ಅಗ್ಗ. ಹಾಗಾಗಿ 20ನೇ ಶತಮಾನದಲ್ಲಿ ಜಗತ್ತಿನ ಎಲ್ಲ ಕಡೆ ಬಳಸಿದರು.

ಪಲಾಸ್ಟ್‌ಗೆ ಅದು ಯಾಕೆ ಬೇಕಾಯಿತು? ಅದರ ಅಸ್ಥಿಪಂಜರ ಉಕ್ಕಿನದು. ಉಕ್ಕು ಉರಿಯುವುದಿಲ್ಲ, ನಿಜ. ಆದರೆ ಸುಮಾರು 550 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಶಕ್ತಿ ಅರ್ಧದಷ್ಟು ಇಳಿಯುತ್ತದೆ. ದೊಡ್ಡ ಬೆಂಕಿಯಲ್ಲಿ ಈ ಬಿಸಿ ಬೇಗನೇ ಬರುತ್ತದೆ. ಆಗ ತೊಲೆಗಳು ಬಾಗಿ ಕಟ್ಟಡ ಕುಸಿಯಬಹುದು. ಅದಕ್ಕೆ ಉಕ್ಕಿನ ಮೇಲೆ ಬೆಂಕಿ ತಡೆಯುವ ಹೊದಿಕೆ ಬೇಕು. ಕಲ್ನಾರಿನ ಎಳೆಯನ್ನು ಅಂಟಿನ ಜೊತೆ ಬೆರೆಸಿ ಪೈಪಿನಿಂದ ಸಿಂಪಡಿಸಿದರು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಶೀಟಿನಲ್ಲಿ ಕಲ್ನಾರು ಸಿಮೆಂಟಿನೊಳಗೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಕತ್ತರಿಸಿದಾಗ, ಒಡೆದಾಗ, ತೂತು ಕೊರೆದಾಗ, ಹಳತಾಗಿ ಸವೆದಾಗ ಎಳೆ ಹೊರಬರುತ್ತದೆ. ಸಿಂಪಡಿಸಿದ ಕಲ್ನಾರು ಹಾಗಲ್ಲ. ಅದು ಸಡಿಲ. ಕಟ್ಟಡ ಅಲುಗಿದರೂ, ಗಾಳಿ ಆಡಿದರೂ ಉದುರಬಹುದು. ಎಳೆ ಎಷ್ಟು ಸಣ್ಣ ಅಂದರೆ ಕಣ್ಣಿಗೆ ಕಾಣುವುದಿಲ್ಲ. ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಹೋಗಿ ಅಲ್ಲೇ ಕೂರುತ್ತದೆ. ದೇಹಕ್ಕೆ ಅದನ್ನು ಕರಗಿಸಲು ಆಗುವುದಿಲ್ಲ. ಶ್ವಾಸಕೋಶ ಗಟ್ಟಿಯಾಗುವ ರೋಗ, ಶ್ವಾಸಕೋಶದ ಕ್ಯಾನ್ಸರ್, ಎದೆಗೂಡಿನ ಒಳಪದರದ ಮೆಸೊಥೀಲಿಯೋಮಾ ಎಂಬ ಕ್ಯಾನ್ಸರ್ ಬರಬಹುದು. ಅದೂ 20, 30, 40 ವರ್ಷ ಬಿಟ್ಟು.

ಜರ್ಮನಿ 1993ರಲ್ಲಿ ಕಲ್ನಾರನ್ನು ನಿಷೇಧಿಸಿತು. ಭಾರತದಲ್ಲಿ ಬಿಳಿ ಕಲ್ನಾರಿನ ಶೀಟು ಈಗಲೂ ಮಾರಾಟವಾಗುತ್ತದೆ. ಮನೆಯಲ್ಲಿ ಅಂಥ ಶೀಟು ಇರುವವರು ಅದನ್ನು ಒಡೆಯುವಾಗ, ಕತ್ತರಿಸುವಾಗ ಎಚ್ಚರ ವಹಿಸಲೇಬೇಕು.

ಹಾಗಾದರೆ ಪಲಾಸ್ಟ್‌ನಲ್ಲಿ ಅಪಾಯ ಇದ್ದದ್ದು ನಿಜ. ಈ ಬಗ್ಗೆ ಯಾರದ್ದೂ ತಕರಾರು ಇರಲಿಲ್ಲ. ತಕರಾರು ಇದ್ದದ್ದು ಮುಂದಿನ ಹೆಜ್ಜೆಯ ಬಗ್ಗೆ.

ಕಲ್ನಾರು ತೆಗೆದ ಮೇಲೂ ಯಾಕೆ ಕೆಡವಿದರು?

ಈ ಕಥೆಯಲ್ಲಿ ಹೆಚ್ಚು ಜನ ತಪ್ಪು ತಿಳಿದುಕೊಳ್ಳುವುದು ಇದನ್ನೇ. "ಕಲ್ನಾರು ಇತ್ತು, ಅದಕ್ಕೆ ಕೆಡವಿದರು" ಎಂದು ಒಂದೇ ಸಾಲಿನಲ್ಲಿ ಹೇಳಿಬಿಡುತ್ತಾರೆ. ಆದರೆ 1998ರಿಂದ 2003ರವರೆಗೆ ಕೆಲಸ ಮಾಡಿ ಕಲ್ನಾರನ್ನು ಬಹುಪಾಲು ತೆಗೆದಿದ್ದರು. 2006ರಲ್ಲಿ ಕೆಡವಲು ಶುರು ಮಾಡುವ ಹೊತ್ತಿಗೆ ಕಟ್ಟಡದಲ್ಲಿ ಆ ಅಪಾಯ ಬಹುಮಟ್ಟಿಗೆ ಇಳಿದಿತ್ತು.

ಕಲ್ನಾರು ತೆಗೆಯುವುದು ಹೇಗೆ ಅಂತ ಗೊತ್ತಾದರೆ ಮುಂದಿನದು ಅರ್ಥವಾಗುತ್ತದೆ. ಕೆಲಸ ಮಾಡುವ ಭಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಪೂರ್ತಿ ಮುಚ್ಚುತ್ತಾರೆ. ಒಳಗಿನ ಗಾಳಿ ಹೊರಗೆ ನುಗ್ಗದ ಹಾಗೆ ಯಂತ್ರದಿಂದ ಎಳೆದು ಸೋಸುತ್ತಾರೆ. ಕೆಲಸಗಾರರಿಗೆ ಮೈಮುಚ್ಚುವ ಸೂಟು, ಮುಖವಾಡ. ಎಳೆ ಹಾರದ ಹಾಗೆ ಒದ್ದೆ ಮಾಡಿ ಕೆರೆದು ಚೀಲಕ್ಕೆ ತುಂಬುತ್ತಾರೆ. ಆದರೆ ಉಕ್ಕಿನ ತೊಲೆ ತಲುಪಬೇಕಾದರೆ ಅದರ ಮುಂದೆ ಇರುವ ಗೋಡೆ, ಚಾವಣಿ, ನೆಲಹಾಸು, ದೀಪ, ಎಲ್ಲ ಕಿತ್ತುಹಾಕಬೇಕು. ಪಲಾಸ್ಟ್‌ನಲ್ಲಿ ಹಾಗೇ ಆಯಿತು. ಆ ಆರು ಮೂಲೆಯ ಹಾಲ್, ದೀಪಗಳು, ಅಮೃತಶಿಲೆಯ ಪಡಸಾಲೆ ಎಲ್ಲ ಹೋದವು. ಉಳಿದದ್ದು ಉಕ್ಕು, ಕಾಂಕ್ರೀಟು ಮತ್ತು ಹೊರಗಿನ ಗಾಜು. ಕಟ್ಟಡ ಉಳಿಸಿ ಎಂದವರ ಕೈಗೆ ಸಿಕ್ಕಿದ್ದು ಬರೀ ಅಸ್ಥಿಪಂಜರ. ಅದನ್ನು ತೋರಿಸಿ "ಇದರಲ್ಲಿ ಉಳಿಸಲು ಏನಿದೆ?" ಎಂದು ಕೇಳುವುದು ಎದುರಾಳಿಗಳಿಗೆ ಸುಲಭವಾಯಿತು.

ಅಷ್ಟರಲ್ಲಿ ಇನ್ನೊಂದು ಆಸೆ ಬಲವಾಗಿ ಬೆಳೆದಿತ್ತು. ವಿಲ್‌ಹೆಲ್ಮ್ ಫಾನ್ ಬೊಡ್ಡಿನ್ ಎಂಬ ಉದ್ಯಮಿ ಹಳೆಯ ಅರಮನೆಯನ್ನೇ ಮತ್ತೆ ಕಟ್ಟಬೇಕೆಂದು ಸಂಘ ಕಟ್ಟಿದರು. 1993ರಲ್ಲಿ ಅವರು ಮಾಡಿದ ಕೆಲಸ ಜನರ ಮನಸ್ಸನ್ನೇ ತಿರುಗಿಸಿತು. ಕಬ್ಬಿಣದ ಅಟ್ಟಣಿಗೆ ನಿಲ್ಲಿಸಿ, ಅದರ ಮೇಲೆ ಅರಮನೆಯ ಮುಂಭಾಗವನ್ನು ಬಟ್ಟೆಯಲ್ಲಿ ನಿಜ ಅಳತೆಗೇ ಬಿಡಿಸಿ ಹರಡಿದರು. ದೂರದಿಂದ ನೋಡಿದವರಿಗೆ ಅರಮನೆ ಎದ್ದು ಬಂದಂತೆ ಕಂಡಿತು. ಇಲ್ಲದ ಕಟ್ಟಡವನ್ನು ಕಣ್ಣಾರೆ ತೋರಿಸುವುದಕ್ಕಿಂತ ಬಲವಾದ ವಾದ ಇನ್ನೇನಿದೆ?

ಪಲಾಸ್ಟ್ ಕೆಡವಬೇಕು ಅನ್ನುವ ನಿರ್ಧಾರವನ್ನು ಕೇಂದ್ರ ಸರ್ಕಾರ ಮತ್ತು ಬರ್ಲಿನ್ ಆಡಳಿತದ ಜಂಟಿ ಸಮಿತಿ 1993ರಲ್ಲೇ ಒಮ್ಮೆ ತೆಗೆದುಕೊಂಡಿತ್ತು. ಅದಕ್ಕೆ ವಿರೋಧ ಬಂದು ವಿಷಯ ಎಳೆದಾಡಿತು. ಕೊನೆಗೆ ತಜ್ಞರ ಸಮಿತಿ ಕೂತು, 2002ರ ಜುಲೈ 4ರಂದು ಜರ್ಮನ್ ಸಂಸತ್ತು ಹಳೆಯ ಅರಮನೆಯ ಮುಂಭಾಗಗಳನ್ನು ಮತ್ತೆ ಕಟ್ಟುವ ಪರವಾಗಿ ಮತ ಹಾಕಿತು. ಪರ 384, ವಿರುದ್ಧ 133. ಒಂದೇ ಜಾಗದಲ್ಲಿ ಎರಡು ಕಟ್ಟಡ ನಿಲ್ಲಲಾರದು ಅಲ್ವಾ? ಪಲಾಸ್ಟ್‌ನ ಹಣೆಬರಹ ಅಲ್ಲಿಗೆ ಮುಗಿಯಿತು. 2003ರ ನವೆಂಬರ್‌ನಲ್ಲಿ ಕೆಡವಲು ಸಂಸತ್ತು ಒಪ್ಪಿತು. ತಡೆಯಬೇಕು ಎಂದು 2006ರ ಜನವರಿಯಲ್ಲಿ ಬಂದ ಪ್ರಸ್ತಾಪಗಳೂ ಬಿದ್ದುಹೋದವು.

ಅರಮನೆ ಬೇಕು ಎಂದವರ ವಾದ ಹೀಗಿತ್ತು. ಸುತ್ತಲಿನ ಬೀದಿ, ಕೆಥೆಡ್ರಲ್, ಮ್ಯೂಸಿಯಂಗಳೆಲ್ಲ ಅರಮನೆಯನ್ನು ನೋಡಿಕೊಂಡೇ ಕಟ್ಟಿದವು. ಅದಿಲ್ಲದೆ ನಗರದ ನಡು ಹರಿದುಹೋದಂತೆ. 1950ರಲ್ಲಿ ಆದದ್ದು ಅನ್ಯಾಯ. ಪಲಾಸ್ಟ್ ಬೇಕು ಎಂದವರದ್ದು ಇನ್ನೊಂದು. 1950ರ ತಪ್ಪನ್ನು ಅದೇ ತಪ್ಪಿನಿಂದ ಸರಿ ಮಾಡಲಾಗದು. ನಮ್ಮ ಬದುಕಿನ 14 ವರ್ಷ ಅಲ್ಲಿದೆ. ಪೂರ್ವದವರ ನೆನಪನ್ನು ಪಶ್ಚಿಮದವರ ಬಹುಮತ ಅಳಿಸುತ್ತಿದೆ. ಎರಡರಲ್ಲೂ ನಿಜ ಇತ್ತು ಅನ್ನುವುದು ನನ್ನ ಎಣಿಕೆ. ಆದರೆ ಪೂರ್ವದ ಜನರ ಸಂಖ್ಯೆ ಒಟ್ಟು ದೇಶದಲ್ಲಿ ಕಡಿಮೆ. ಮತದ ಲೆಕ್ಕದಲ್ಲಿ ಅವರ ನೋವು ಗೆಲ್ಲುವ ಹಾಗಿರಲಿಲ್ಲ.

ಕೆಡವುವ ಮುಂಚಿನ ಎರಡು ವರ್ಷ

ಖಾಲಿ ಕಟ್ಟಡವನ್ನು ಕಾಯುತ್ತ ಕೂರುವ ಬದಲು ಕಲಾವಿದರು ಕೆಲವು ಕಾಲ ಬಳಸಲು ಅನುಮತಿ ಪಡೆದರು. ಇದಕ್ಕೆ ತಾತ್ಕಾಲಿಕ ಬಳಕೆ ಎನ್ನುತ್ತಾರೆ. ಒಂದು ಕಟ್ಟಡ ಅಥವಾ ಜಾಗದ ಭವಿಷ್ಯ ತೀರ್ಮಾನವಾಗುವವರೆಗೆ ಅದನ್ನು ಕಡಿಮೆ ಖರ್ಚಿನಲ್ಲಿ ಜನರಿಗೆ ತೆರೆಯುವುದು. 2004 ಮತ್ತು 2005ರಲ್ಲಿ ಪಲಾಸ್ಟ್‌ನ ಉಕ್ಕಿನ ತೊಲೆಗಳ ನಡುವೆ ನಾಟಕ, ನೃತ್ಯ, ಪ್ರದರ್ಶನ ನಡೆದವು. ಒಮ್ಮೆ ನೆಲಮಹಡಿಗೆ ನೀರು ತುಂಬಿ, ಜನ ಗಾಳಿದೋಣಿಯಲ್ಲಿ ಕೂತು ಕಟ್ಟಡದೊಳಗೇ ಸುತ್ತಾಡಿದರು. ನಾರ್ವೆಯ ಲಾರ್ಸ್ ರಾಮ್‌ಬರ್ಗ್ ಎಂಬ ಕಲಾವಿದ 2005ರಲ್ಲಿ ಚಾವಣಿಯ ಮೇಲೆ ಬೆಳಗುವ ದೊಡ್ಡ ಅಕ್ಷರಗಳಲ್ಲಿ "ಅನುಮಾನ" ಎಂದು ಜರ್ಮನ್ ಭಾಷೆಯಲ್ಲಿ ನಿಲ್ಲಿಸಿದ. ಬರ್ಲಿನ್‌ನ ಎಷ್ಟೋ ಯುವಜನರು ಪಲಾಸ್ಟ್ ಒಳಗೆ ಮೊದಲ ಸಲ ಕಾಲಿಟ್ಟದ್ದು ಆಗಲೇ. ಕಟ್ಟಡ ಉಳಿಯಬೇಕು ಅನ್ನುವ ದನಿಗೆ ಇದರಿಂದ ಹೊಸ ಜೀವ ಬಂತು. ಆದರೆ ಹೊತ್ತು ಮೀರಿತ್ತು.

ಕೆಡವಲು ಸುಮಾರು ಮೂರು ವರ್ಷ ಯಾಕೆ ಬೇಕಾಯಿತು?

2006ರ ಫೆಬ್ರವರಿ 6ಕ್ಕೆ ಕೆಲಸ ಶುರು. ಮುಗಿದದ್ದು 2008ರ ಡಿಸೆಂಬರ್‌ನಲ್ಲಿ. ಕಟ್ಟಲು ಹಿಡಿದದ್ದಕ್ಕಿಂತ ಹೆಚ್ಚು ಕಾಲ. ಸ್ಫೋಟಕ ಇಟ್ಟು ಉರುಳಿಸುವಂತಿರಲಿಲ್ಲ. ಪಕ್ಕದಲ್ಲೇ ಕೆಥೆಡ್ರಲ್, ಇನ್ನೊಂದು ಪಕ್ಕ ನದಿ.

ನಿಜವಾದ ತೊಡಕು ನೆಲದ ಕೆಳಗಿತ್ತು. ದ್ವೀಪದಲ್ಲಿ ಸ್ವಲ್ಪ ಅಗೆದರೆ ನೀರು. ಅದಕ್ಕೆ ಪಲಾಸ್ಟ್‌ನ ನೆಲಮಾಳಿಗೆಯನ್ನು ನೀರು ನುಗ್ಗದ ಹಾಗೆ ಒಂದು ದೊಡ್ಡ ಕಾಂಕ್ರೀಟ್ ತೊಟ್ಟಿಯಾಗಿ ಕಟ್ಟಿದ್ದರು. ನೀರು ತುಂಬಿದ ಹಂಡೆಯೊಳಗೆ ಖಾಲಿ ಚೊಂಬನ್ನು ಒತ್ತಿ ಹಿಡಿದು ನೋಡಿ. ಕೈ ಸಡಿಲಿಸಿದರೆ ಚೊಂಬು ಮೇಲೆ ಚಿಮ್ಮುತ್ತದೆ. ಇಲ್ಲಿ ತೊಟ್ಟಿಯನ್ನು ಒತ್ತಿ ಹಿಡಿದಿದ್ದದ್ದು ಮೇಲಿನ ಕಟ್ಟಡದ ಭಾರ. ಭಾರ ಒಮ್ಮೆಲೇ ಹೋದರೆ ತೊಟ್ಟಿ ಮೇಲೇಳುತ್ತದೆ. ಸುತ್ತಲಿನ ಮಣ್ಣು ಜರುಗುತ್ತದೆ. ಕೆಥೆಡ್ರಲ್‌ನ ಬುನಾದಿಗೂ ಪೆಟ್ಟು. ಅದಕ್ಕೆ ಮೇಲಿಂದ ಕಟ್ಟಡ ಬಿಚ್ಚುತ್ತ ಹೋದ ಹಾಗೆ ಕೆಳಗೆ ತೊಟ್ಟಿಗೆ ಮರಳು ತುಂಬುತ್ತ ಬಂದರು.

ಬಿಚ್ಚಿದ ಉಕ್ಕು ಕರಗಿ ಬೇರೆ ಕಡೆ ಹೋಯಿತು. ಒಂದು ಪಾಲು ದುಬೈನ ಬುರ್ಜ್ ಖಲೀಫಾ ಕಟ್ಟಲು ಹೋಯಿತು ಎಂದು ಜರ್ಮನಿಯ ಪತ್ರಿಕೆಗಳು ಬರೆದವು.

ಆಮೇಲೆ ಜಾಗ ಯಾಕೆ ಖಾಲಿ ಉಳಿಯಿತು?

ಕೆಡವುವ ನಿರ್ಧಾರಕ್ಕೂ ಕಟ್ಟುವ ನಿರ್ಧಾರಕ್ಕೂ ಬೇಕಾದ ಒಪ್ಪಿಗೆ ಬೇರೆ ಬೇರೆ. ಕೆಡವಲು "ಇದು ಬೇಡ" ಅನ್ನುವುದೊಂದೇ ಸಾಕು. ಬೇಡ ಅನ್ನುವವರ ಕಾರಣಗಳು ಬೇರೆ ಬೇರೆ ಆದರೂ ಪರವಾಗಿಲ್ಲ. ಕಟ್ಟಲು ಹಾಗಾಗುವುದಿಲ್ಲ. ಯಾವ ರೂಪ, ಒಳಗೆ ಏನು, ಯಾರ ದುಡ್ಡು, ಯಾರು ನಡೆಸುವುದು, ಎಲ್ಲದಕ್ಕೂ ಒಂದೇ ಉತ್ತರ ಬೇಕು.

ಬರ್ಲಿನ್‌ನಲ್ಲಿ ರೂಪ ಮೊದಲು ತೀರ್ಮಾನವಾಯಿತು. ಹೊರಗೆ ಅರಮನೆ ಇರಬೇಕು. ಒಳಗೆ ಏನು ಎನ್ನುವುದು ಆಮೇಲಿನ ಪ್ರಶ್ನೆ. ಈಗ ಅಲ್ಲಿ ರಾಜರು ಇಲ್ಲ, ಸಂಸತ್ತಿಗೆ ಬೇರೆ ಕಟ್ಟಡ ಇದೆ. ಕೊನೆಗೆ ನಗರದ ಹೊರವಲಯದ ಡಾಲೆಮ್‌ನಲ್ಲಿದ್ದ ಎರಡು ಮ್ಯೂಸಿಯಂಗಳನ್ನು ಇಲ್ಲಿಗೆ ತರುವುದು ಎಂದಾಯಿತು. ಜಗತ್ತಿನ ಜನಜೀವನದ ವಸ್ತುಗಳ ಮ್ಯೂಸಿಯಂ ಒಂದು, ಏಷ್ಯಾದ ಕಲೆಯದ್ದು ಇನ್ನೊಂದು. ಹೆಸರು ಹಂಬೋಲ್ಟ್ ಫೋರಂ. ವಿನ್ಯಾಸದ ಸ್ಪರ್ಧೆಯನ್ನು ಇಟಲಿಯ ಫ್ರಾಂಕೊ ಸ್ಟೆಲ್ಲಾ ಗೆದ್ದದ್ದು 2008ರ ಕೊನೆಯಲ್ಲಿ, ಅಂದರೆ ಪಲಾಸ್ಟ್ ಪೂರ್ತಿ ಮಾಯವಾಗುವ ಹೊತ್ತಿಗೆ.

ಮುಂದಿನದು ದುಡ್ಡು. 2008ರಲ್ಲೇ ಜಗತ್ತಿನ ಬ್ಯಾಂಕುಗಳು ಕುಸಿದಿದ್ದವು. 2010ರ ಜೂನ್‌ನಲ್ಲಿ ಜರ್ಮನ್ ಸರ್ಕಾರ ಖರ್ಚು ಕಡಿತ ಮಾಡಿ, ಅರಮನೆಯ ಕೆಲಸವನ್ನೂ ಮುಂದಕ್ಕೆ ಹಾಕಿತು. ಅಷ್ಟು ಕಾಲ ಅಲ್ಲಿ ಹುಲ್ಲು. ಮರದ ಹಲಗೆಯ ಕಾಲುದಾರಿ ಹಾಕಿದ್ದರು. ಜನ ಬಿಸಿಲಿಗೆ ಮೈ ಚಾಚಿ ಮಲಗುತ್ತಿದ್ದರು, ಮಕ್ಕಳು ಆಡುತ್ತಿದ್ದರು. ಹೀಗೇ ಬಿಟ್ಟುಬಿಡಿ, ನಗರಕ್ಕೆ ಒಂದು ಬಯಲು ಇರಲಿ ಎಂದವರೂ ಇದ್ದರು. 2008ರಿಂದ 2010ರವರೆಗೆ ಅಲ್ಲೊಂದು ತಾತ್ಕಾಲಿಕ ಕಲಾ ಪ್ರದರ್ಶನ ಮಂದಿರ ನಡೆಯಿತು. 2011ರಲ್ಲಿ ಹಂಬೋಲ್ಟ್ ಬಾಕ್ಸ್ ಎಂಬ ನೀಲಿ ಕಟ್ಟಡ ಬಂತು. ಮುಂದೆ ಏನು ಬರಲಿದೆ ಎಂದು ಜನರಿಗೆ ತೋರಿಸುವುದು ಅದರ ಕೆಲಸ.

ಖಾಲಿ ಜಾಗ ಅಂದರೆ ಏನೂ ಇಲ್ಲದ ಜಾಗ ಅಂದುಕೊಳ್ಳುತ್ತೇವೆ. ಆದರೆ ಖಾಲಿ ಇದ್ದಾಗ ಅದರ ಮೇಲೆ ಹಕ್ಕು ಹೇಳುವವರು ಜಾಸ್ತಿ ಆಗುತ್ತಾರೆ. ಅರಮನೆ ಬೇಕು ಎಂದವರು, ಪಲಾಸ್ಟ್ ಕಳೆದುಕೊಂಡವರು, ಹುಲ್ಲೇ ಸಾಕು ಎಂದವರು, ಅಲ್ಲಿ ಬಂದು ಕೂರುತ್ತಿದ್ದ ಕಾಲೇಜು ಹುಡುಗರು. ಕಟ್ಟಡ ಬಂದ ದಿನ ಒಬ್ಬರದ್ದು ಗೆಲ್ಲುತ್ತದೆ, ಉಳಿದವರ ದನಿ ಅಡಗುತ್ತದೆ.

ಈಗ ಅಲ್ಲಿ ಇರುವುದು ಅಸಲಿಯಾ?

2013ರ ಜೂನ್ 12ರಂದು ಅಡಿಗಲ್ಲು. 2020ರ ಡಿಸೆಂಬರ್‌ನಲ್ಲಿ ಕೋವಿಡ್ ಕಾರಣ ಆನ್‌ಲೈನ್‌ನಲ್ಲೇ ಉದ್ಘಾಟನೆ. ಜನರಿಗೆ ಬಾಗಿಲು ತೆರೆದದ್ದು 2021ರ ಜುಲೈಯಲ್ಲಿ. ಒಟ್ಟು ಖರ್ಚು ಸುಮಾರು 68 ಕೋಟಿ ಯೂರೊ. ಕೆತ್ತನೆಯ ಮುಂಭಾಗಕ್ಕೆ ಬೇಕಾದ ದುಡ್ಡನ್ನು ದಾನಿಗಳಿಂದ ಎತ್ತಿದರು.

ಮೂರು ಕಡೆಯ ಹೊರಗೋಡೆ ಹಳೆಯ ಅರಮನೆಯ ಪಡಿಯಚ್ಚು. ಹಳೆಯ ಫೋಟೋ, ಅಳತೆ, ಉಳಿದಿದ್ದ ತುಣುಕುಗಳನ್ನು ನೋಡಿ ಶಿಲ್ಪಿಗಳು ಮರಳುಗಲ್ಲಿನಲ್ಲಿ ಮತ್ತೆ ಕೆತ್ತಿದರು. ನದಿಯ ಕಡೆಯ ಗೋಡೆ ಮಾತ್ರ ಸಪಾಟಾದ ಹೊಸ ವಿನ್ಯಾಸ. ಸಂರಕ್ಷಣೆ ಅಂದರೆ ಇರುವ ಹಳೆಯದನ್ನು ಕಾಪಾಡುವುದು. ಮರುನಿರ್ಮಾಣ ಅಂದರೆ ಹೋದದ್ದರ ರೂಪವನ್ನು ಹೊಸದಾಗಿ ಮಾಡುವುದು. ಎರಡಕ್ಕೂ ಬೇರೆ ಬೇರೆ ಕೈಚಳಕ ಬೇಕು, ಎರಡೂ ಬೇರೆ ಬೇರೆ ಕೆಲಸ. ಹಂಬೋಲ್ಟ್ ಫೋರಂ ಎರಡನೆಯದು. ಆ ಶಿಲ್ಪಿಗಳ ಶ್ರಮ ದೊಡ್ಡದು. ಆದರೆ ಅದನ್ನು "ಉಳಿಸಿದ ಪರಂಪರೆ" ಎನ್ನಲು ಬರುವುದಿಲ್ಲ.

ಹೊಸ ಕಟ್ಟಡದ ಜೊತೆ ಹೊಸ ತಕರಾರುಗಳೂ ಬಂದವು. ಗುಮ್ಮಟದ ಶಿಲುಬೆ ಮತ್ತು ಅದರ ಕೆಳಗಿನ ಬೈಬಲ್ ಸಾಲುಗಳ ಬಗ್ಗೆ ಈಗಲೂ ಜಗಳ ಇದೆ. ಬೇರೆ ಬೇರೆ ಧರ್ಮದ, ದೇಶಗಳ ವಸ್ತುಗಳನ್ನು ಇಡುವ ಮನೆಯ ನೆತ್ತಿಯ ಮೇಲೆ ಒಂದೇ ಧರ್ಮದ ಗುರುತು ಸರಿಯೇ ಅನ್ನುವುದು ಪ್ರಶ್ನೆ. ಆಫ್ರಿಕಾದಿಂದ ವಸಾಹತು ಕಾಲದಲ್ಲಿ ಬಂದ ವಸ್ತುಗಳ ಬಗ್ಗೆಯೂ ಪ್ರಶ್ನೆ ಎದ್ದಿತು. 2022ರಲ್ಲಿ ಬೆನಿನ್ ಕಂಚುಗಳ, ಅಂದರೆ ಈಗಿನ ನೈಜೀರಿಯಾದಲ್ಲಿದ್ದ ಬೆನಿನ್ ಎಂಬ ಹಳೆಯ ರಾಜ್ಯದ ಲೋಹಶಿಲ್ಪಗಳ, ಒಡೆತನವನ್ನು ಜರ್ಮನಿ ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. ಅದೇ ವರ್ಷ ಕಟ್ಟಡದ ಹೊರಗೆ ಸಾಂಚಿ ಸ್ತೂಪದ ಪೂರ್ವ ತೋರಣದ ಕಲ್ಲಿನ ಪ್ರತಿಕೃತಿಯೂ ಬಂದು ನಿಂತಿತು. ಅಲ್ಲಿಗೆ ಹೋಗುವ ಭಾರತೀಯರು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ.

ಪಲಾಸ್ಟ್ ಪೂರ್ತಿ ಮರೆಯಾಗಿಲ್ಲ. ಅದರ ವಸ್ತುಗಳನ್ನು, ಅಲ್ಲಿ ದುಡಿದವರ, ಓಡಾಡಿದವರ ಮಾತುಗಳನ್ನು ಹಂಬೋಲ್ಟ್ ಫೋರಂ ಸಂಗ್ರಹಿಸುತ್ತಿದೆ. 2024ರಲ್ಲಿ ಪಲಾಸ್ಟ್ ಬಗ್ಗೆಯೇ ಒಂದು ದೊಡ್ಡ ಪ್ರದರ್ಶನ ನಡೆಸಿತು.

ಪಶ್ಚಿಮದಲ್ಲಿ ಇದ್ದ ಇನ್ನೊಂದು ಕಟ್ಟಡ

ಪಲಾಸ್ಟ್ ತೆರೆದ ಮೂರು ವರ್ಷಕ್ಕೆ, 1979ರಲ್ಲಿ, ಪಶ್ಚಿಮ ಬರ್ಲಿನ್ ತನ್ನದೇ ದೊಡ್ಡ ಸಭಾಭವನ ತೆರೆಯಿತು. ಐಸಿಸಿ ಅಂತ ಹೆಸರು. ಅಲ್ಯೂಮಿನಿಯಂ ಹೊದಿಕೆಯ, ಆಕಾಶನೌಕೆಯಂತೆ ಕಾಣುವ ಕಟ್ಟಡ. ಅದರಲ್ಲೂ ಕಲ್ನಾರು ಇದೆ. ಪಲಾಸ್ಟ್ ಪರ ಇದ್ದವರು ಪದೇ ಪದೇ ಕೇಳುತ್ತಿದ್ದದ್ದು ಇದನ್ನೇ: ಅದೇ ಕಾಲದ, ಅದೇ ರೋಗದ ಕಟ್ಟಡ ಪಶ್ಚಿಮದಲ್ಲಿ ಉಳಿಯುತ್ತದೆ, ಪೂರ್ವದಲ್ಲಿ ಯಾಕೆ ಹೋಗಬೇಕು?

ಐಸಿಸಿ 2014ರಲ್ಲಿ ಮುಚ್ಚಿತು. 2019ರಲ್ಲಿ ಅದಕ್ಕೆ ಸಂರಕ್ಷಿತ ಸ್ಮಾರಕದ ಸ್ಥಾನ ಸಿಕ್ಕಿತು. ಅಂದರೆ ಅದನ್ನು ಸುಲಭವಾಗಿ ಕೆಡವುವಂತಿಲ್ಲ. ಆದರೆ ಸ್ಮಾರಕದ ಪಟ್ಟಿಗೆ ಸೇರಿದ ಮಾತ್ರಕ್ಕೆ ದುರಸ್ತಿಯ ದುಡ್ಡು ಬರುವುದಿಲ್ಲ, ಒಳಗೆ ನಡೆಸಲು ಕೆಲಸವೂ ಹುಟ್ಟುವುದಿಲ್ಲ. ಯಾರಾದರೂ ಹೊಸ ಬಳಕೆಯ ಯೋಜನೆ ತರಲಿ ಎಂದು ಬರ್ಲಿನ್ ಆಡಳಿತ ವರ್ಷಗಳಿಂದ ಹುಡುಕುತ್ತಿದೆ. ಹುಲ್ಲಿನ ಮೈದಾನದ ಕಾಲದಲ್ಲಿ ಕೇಳಿದ ಪ್ರಶ್ನೆಗಳೇ ಇಲ್ಲೂ ಎದುರಿಗಿವೆ. ಒಳಗೆ ಏನು? ಯಾರ ದುಡ್ಡು? ಯಾರು ನಡೆಸುವುದು? ಒಂದೇ ವ್ಯತ್ಯಾಸ, ಈ ಸಲ ಉತ್ತರ ಸಿಗುವ ಮೊದಲೇ ಕಟ್ಟಡವನ್ನು ಕಳೆದುಕೊಂಡಿಲ್ಲ.